ಯಂತ್ರಕ್ಕೆ ಕಿವಿ ಮೂಡಿದ ಬಗೆ

ಪುಸ್ತಕಭಂಡಾರದೊಳಗೆ ಸದ್ದು ಮಾಡಬಾರದೆಂಬುದು ಎಲ್ಲ ದೇಶದವರೂ ಒಪ್ಪಿರುವ ಕಟ್ಟಳೆ. ಆದರೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಪುಸ್ತಕಭಂಡಾರದಲ್ಲಿ, ಈ ಕಟ್ಟಳೆಯನ್ನು ಮತ್ತೆ ಮತ್ತೆ ಮುರಿಯುತ್ತಿದ್ದ ಪ್ರಾಣಿಯೊಂದಿತ್ತು. ಪೌರಸ್ತ್ಯ ಹಸ್ತಪ್ರತಿಗಳ ಮೇಲೆ ತಲೆ ಬಾಗಿಸಿ ಕುಳಿತ ವಿದ್ವಾಂಸನು ಕಠಿಣವಾದೊಂದು ಶಬ್ದದ ಅರ್ಥವನ್ನು ಇನ್ನೇನು ಹಿಡಿದೆನೆನ್ನುವಷ್ಟರಲ್ಲಿ, ಪಕ್ಕದಿಂದ ಹುಲಿಯ ಗುರುಗುಟ್ಟುವಿಕೆಯೂ ಮನುಷ್ಯನ ಆರ್ತನಾದವೂ ಒಟ್ಟಿಗೆ ಎದ್ದು ಕೇಳುತ್ತಿದ್ದವು. ಆ ಹುಲಿ ಕನ್ನಡನಾಡಿನದು. ಶ್ರೀರಂಗಪಟ್ಟಣದಿಂದ ಹಡಗೇರಿ ಹೋದದ್ದು.

ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಆ ಹುಲಿಯ ಉದ್ದ ಸುಮಾರು 172 ಸೆಂಟಿಮೀಟರು, ಎತ್ತರ ಸುಮಾರು 71 ಸೆಂಟಿಮೀಟರು. ಅದರ ಅಡಿಯಲ್ಲಿ ಕೆಂಪು ಕೋಟು, ಕರಿಯ ಟೋಪಿ ತೊಟ್ಟ ಐರೋಪ್ಯನೊಬ್ಬನು ಅಂಗಾತ ಬಿದ್ದಿದ್ದಾನೆ. ಹುಲಿ ಅವನ ಕೊರಳಿಗೆ ಬಾಯಿಟ್ಟಿದೆ. ಹುಲಿಯ ಹೆಗಲ ಬಳಿಯಿರುವ ಹಿಡಿಕೆಯನ್ನು ತಿರುಗಿಸಿದರೆ ಒಡಲೊಳಗಿನ ತಿದಿಗಳು ಗಾಳಿಯೂದತೊಡಗುತ್ತವೆ. ಒಂದು ತಿದಿಯ ಗಾಳಿ ಮನುಷ್ಯನ ಗಂಟಲಿನ ಕೊಳವೆಯಲ್ಲಿ ಹಾಯ್ದು ನರಳಾಟವಾಗುತ್ತದೆ; ಅದೇ ಹೊತ್ತಿಗೆ ಅವನ ಎಡಗೈ ಮೇಲೆದ್ದು ಕೆಳಗಿಳಿದು, ನರಳುವ ದನಿಯ ಸ್ಥಾಯಿಯನ್ನು ಏರಿಳಿಸುತ್ತದೆ. ಹುಲಿಯ ತಲೆಯೊಳಗಿನ ಇನ್ನೊಂದು ಕೊಳವೆಗೆ ಎರಡೇ ಸ್ವರ, ಅದೇ ಗರ್ಜನೆ. ಇಷ್ಟೇ ಆಗಿದ್ದರೆ ಅದನ್ನು ಆಟಿಕೆಯೆಂದು ತಳ್ಳಿಹಾಕಬಹುದಾಗಿತ್ತು. ಆದರೆ ಹುಲಿಯ ಪಕ್ಕೆಯ ಮುಚ್ಚಳವನ್ನು ತೆರೆದರೆ ದಂತದ ಹದಿನೆಂಟು ಮನೆಗಳುಳ್ಳ ಸಣ್ಣದೊಂದು ಆರ್ಗನ್ನು ಕಾಣಿಸುತ್ತದೆ. ಹಾರ್ಮೋನಿಯಮ್ಮಿನಂತೆ ಅದರ ಮೇಲೆ ಬೆರಳಾಡಿಸಿ ರಾಗವನ್ನೇ ನುಡಿಸಬಹುದು.

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಸುಲ್ತಾನನು ಮಡಿದ ಮೇಲೆ, ಅರಮನೆಯಲ್ಲಿ ವಾದ್ಯಗಳನ್ನಿಡುತ್ತಿದ್ದ ರಾಗಮಹಲಿನಲ್ಲಿ ಈ ಹುಲಿ ಕಂಪನಿಯವರ ಕೈಗೆ ಸಿಕ್ಕಿತು. ಅದರ ಒಳಯಂತ್ರದಲ್ಲಿ ಫ್ರೆಂಚ್ ಕುಶಲಿಗಳ ಕೈವಾಡವಿದ್ದೀತೆಂದು ಊಹಿಸುವ ವಿದ್ವಾಂಸರುಂಟು. 1808ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟರು. ನೋಡಬಂದವರು ಯಾರು ಬೇಕಾದರೂ ಹಿಡಿಕೆಯನ್ನು ತಿರುಗಿಸಬಹುದಾಗಿತ್ತು. ತಿರುಗಿಸಿದರು; ಮನಬಂದಷ್ಟು ತಿರುಗಿಸಿದರು. ಓದಲು ಬಂದವರು ಬೇಸತ್ತರು. 1843ರ ಹೊತ್ತಿಗೆ ಹಿಡಿಕೆಯೇ ಕಾಣೆಯಾಗಿತ್ತು. ಅದನ್ನು ಸವೆದುಹೋದದ್ದೆಂದು ತಿಳಿಯಬೇಕೋ, ನೊಂದ ಓದುಗನೊಬ್ಬನು ಕಿಸೆಗೆ ಹಾಕಿಕೊಂಡು ಹೋದನೆಂದು ಭಾವಿಸಬೇಕೋ, ವಾಚಕರ ಇಚ್ಛೆಗೆ ಬಿಟ್ಟದ್ದು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಮೇಲಿನ ಛಾವಣಿ ಕುಸಿದಾಗ ಹುಲಿ ನೂರಾರು ಚೂರಾಯಿತು. ಚೂರುಗಳನ್ನು ಕೂಡಿಸಿ, 1947ರ ವೇಳೆಗೆ ಅದನ್ನು ಮತ್ತೆ ನಿಲ್ಲಿಸಿದರು. ಈಗ ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗಿದೆ. ಜನ ನೋಡಬಹುದು, ಮುಟ್ಟುವಂತಿಲ್ಲ.

ಈ ವೃತ್ತಾಂತವನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು. ತಾನಾಗಿ ನುಡಿಯುವ ವಾದ್ಯವನ್ನು ರೂಪಿಸಿ ಸಾರ್ವಜನಿಕರ ಕೈಗೊಪ್ಪಿಸುವ ವಿದ್ಯೆ ಇಂದು ಅಮೆರಿಕ, ಜಪಾನು ಮೊದಲಾದ ದೇಶಗಳಲ್ಲಿ ಗಂಭೀರವಾದ ವ್ಯಾಸಂಗವಾಗಿದೆ. ಅಲ್ಲಿನ ಶಿಲ್ಪಿಗಳನ್ನು ಕಾಡುವ ತೊಡಕುಗಳೆಲ್ಲ ಹುಲಿಯ ಬಾಳಿನಲ್ಲಿ ಆಗಲೇ ಬಂದು ಹೋಗಿವೆ: ಜನಕ್ಕೆ ಅದರ ಮೇಲಿದ್ದ ಮೋಹ, ನೆರೆಯವರಿಗೆ ಅದರಿಂದಾದ ಕಿರಿಕಿರಿ, ಸಾವಿರ ಕೈಗಳಿಂದ ಆದ ಸವೆತ. ಮಿಗಿಲಾಗಿ, ಕೇಳುವವನಿಗೆ ಅದು ಕೊಟ್ಟ ಪಾಲಾದರೂ ಎಷ್ಟು? ಸುಲ್ತಾನನ ಮುಂದೆ ಶತ್ರುವಿನ ನರಳಾಟವಾಗಿ ಕೇಳಿಸಿದ ದನಿಯೇ ಲಂಡನ್ನಿಗರ ಕಿವಿಗೆ ಗೆದ್ದು ತಂದ ಸೊತ್ತಿನ ಸದ್ದಾಗಿ ಕೇಳಿಸಿತು. ತಿರುಗಿಸುವ ಕೈ ಬದಲಾಯಿತು. ಹುಲಿ ನುಡಿದದ್ದು ಬದಲಾಗಲಿಲ್ಲ. ಹಿಡಿಕೆ ಹಿಡಿದವನು ಬೇಗ ತಿರುಗಿಸಬಹುದು, ನಿಧಾನವಾಗಿ ತಿರುಗಿಸಬಹುದು, ನಿಲ್ಲಿಸಬಹುದು. ಅದರಾಚೆಗೆ ಅವನ ಮಾತಿಗೆ ಹುಲಿ ಕಿವುಡು.

ಆ ಕಿವುಡುತನವನ್ನು ಕಳೆಯುವುದಕ್ಕೆ ಮನುಷ್ಯನಿಗೆ ಬಹುಕಾಲ ಹಿಡಿಯಿತು. ಮೊದಲು ಅವನು ಸಾಧಿಸಿದ್ದು ಬೆರಳನ್ನು. 1738ರಲ್ಲಿ ಝಾಕ್ ದ ವೋಕಾನ್ಸೋನ್ ಎಂಬ ಫ್ರೆಂಚ್ ಯಂತ್ರಶಿಲ್ಪಿ ಪ್ಯಾರಿಸ್ಸಿನಲ್ಲಿ ಕೊಳಲುಗಾರನ ಬೊಂಬೆಯನ್ನು ಜನರ ಮುಂದಿಟ್ಟನು. ಬೊಂಬೆಯೊಳಗೆ ಸಂಗೀತದ ಪೆಟ್ಟಿಗೆಯನ್ನು ಅಡಗಿಸಿಟ್ಟು ಕಣ್ಣಿಗೆ ಮಂಕುಬೂದಿ ಎರಚಿದ್ದಲ್ಲ. ತಿದಿಗಳಿಂದ ಬಂದ ಉಸಿರು ಬೊಂಬೆಯ ತುಟಿಗಳ ನಡುವೆ ಹೊರಟು ನಿಜವಾದ ಕೊಳಲಿನ ರಂಧ್ರಕ್ಕೆ ತಾಗುತ್ತಿತ್ತು. ತೊಗಲು ಹೊದಿಸಿದ ಬೆರಳುಗಳು ರಂಧ್ರಗಳನ್ನು ಮುಚ್ಚಿ ತೆರೆಯುತ್ತಿದ್ದವು. ಹನ್ನೆರಡು ಮಟ್ಟುಗಳನ್ನು ಅದು ನುಡಿಸುತ್ತಿತ್ತು. ಸ್ವಿಟ್ಜರ್ಲೆಂಡಿನ ಗಡಿಯಾರ ಕುಶಲಿಗಳಾದ ಝಾಕೆ ದ್ರೋ ಮನೆತನದವರು 1774ರ ವೇಳೆಗೆ ಮುಗಿಸಿದ ವಾದಕಿಯ ಬೊಂಬೆ ಇಂದಿಗೂ ನ್ಯೂಶಾಟೆಲ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಆಕೆ ತನ್ನ ಬೆರಳುಗಳಿಂದಲೇ ಆರ್ಗನ್ನಿನ ಮನೆಗಳನ್ನು ಒತ್ತುತ್ತಾಳೆ. ನುಡಿಸುವಾಗ ಎದೆ ಉಸಿರಾಡಿದಂತೆ ಏರಿಳಿಯುತ್ತದೆ. ಸಭೆ ಬೆರಗಾಗದಿದ್ದೀತೆ? ಆದರೆ ಸಭೆಯಲ್ಲಿ ಮಗು ಅತ್ತರೂ ಬೆಂಕಿ ಬಿದ್ದರೂ ಆಕೆಯ ಮಟ್ಟು ಒಂದು ಮಾತ್ರೆಯಷ್ಟೂ ಕದಲುವುದಿಲ್ಲ.

ಬೆರಳಿನ ಬಳಿಕ ಬಂದದ್ದು ನೆನಪು. 1890ರ ದಶಕದಲ್ಲಿ ಅಮೆರಿಕದ ಎಡ್ವಿನ್ ವೋಟಿ ಎಂಬವನು ರೂಪಿಸಿದ ಪಿಯಾನೋಲ, ತೂತು ಕೊರೆದ ಕಾಗದದ ಸುರುಳಿಯನ್ನು ಓದಿ ಪಿಯಾನೊ ನುಡಿಸುವ ಉಪಕರಣ. ಕಾಲಿನಿಂದ ತುಳಿಯುವವನು ಸಂಗೀತ ಬಲ್ಲವನಾಗಬೇಕಾಗಿರಲಿಲ್ಲ. ಮುಂದೆ ಮೆಕ್ಸಿಕೊ ನಗರದಲ್ಲಿ ನೆಲಸಿದ ಕಾನ್ಲನ್ ನ್ಯಾನ್‌ಕ್ಯಾರೊ ಎಂಬ ಸಂಗೀತಕಾರನು (1912–1997) ಈ ಸುರುಳಿಗಳನ್ನು ತನ್ನ ಕೈಯಿಂದಲೇ ಕೊರೆದು, ಹತ್ತು ಬೆರಳಿನ ಮನುಷ್ಯನು ಎಂದೆಂದಿಗೂ ನುಡಿಸಲಾರದ ಕೃತಿಗಳನ್ನು ರಚಿಸಿದನು. ಒಂದೇ ಪಿಯಾನೊದ ಮೇಲೆ ಎರಡು ಮೂರು ಕಾಲಗಳು ಒಂದಕ್ಕೊಂದು ತಗುಲದೆ ಓಡುತ್ತವೆ. ದಶಕಗಳ ಕಾಲ ಆತನ ಸಂಗೀತವನ್ನು ಕೇಳಿದವರು ಕೆಲವೇ ಮಂದಿ.

ಆ ಸುರುಳಿಗಳನ್ನು ಗಣಕಯಂತ್ರದ ಭಾಷೆಗೆ ತರುವ ಸಾಧನವನ್ನು 1980ರ ದಶಕದಲ್ಲಿ ಕಟ್ಟಿಕೊಟ್ಟವರು ಟ್ರಿಂಪಿನ್. ಜರ್ಮನಿಯಲ್ಲಿ 1951ರಲ್ಲಿ ಹುಟ್ಟಿ, 1979ರಲ್ಲಿ ಅಮೆರಿಕದ ಸಿಯಾಟಲ್ ನಗರಕ್ಕೆ ಬಂದು ನೆಲಸಿದವರು. ಒಂದೇ ಹೆಸರಿನಿಂದ ಪ್ರಸಿದ್ಧರು. ಸಿಯಾಟಲ್ಲಿನಲ್ಲಿ 2000ದಲ್ಲಿ ತೆರೆದ ಸಂಗೀತ ವಸ್ತುಸಂಗ್ರಹಾಲಯಕ್ಕಾಗಿ ಅವರು ಐನೂರಕ್ಕೂ ಹೆಚ್ಚು ವಾದ್ಯಗಳನ್ನು ಸುಂಟರಗಾಳಿಯ ಕಂಬದಂತೆ ಮೇಲಕ್ಕೆ ಪೇರಿಸಿದರು. ಅವುಗಳಲ್ಲಿ ಬಹುಪಾಲು ಗಿಟಾರುಗಳು. ಕೆಲವು ತಾವಾಗಿ ನುಡಿಯುವುದಲ್ಲದೆ ತಮ್ಮ ಶ್ರುತಿಯನ್ನೂ ತಾವೇ ಕೂಡಿಸಿಕೊಳ್ಳುವಂತೆ ಮಾಡಿದರು. ಟ್ರಿಂಪಿನ್ನರಿಗೆ ಧ್ವನಿವರ್ಧಕದಿಂದ ಬರುವ ಸದ್ದು ಹಿಡಿಸದು. ತಂತಿ ಮಿಡಿಯಬೇಕು, ಮರ ಅನುರಣಿಸಬೇಕು, ಅದು ನೋಡುವವನ ಕಣ್ಣೆದುರಿಗೇ ನಡೆಯಬೇಕು. ಯಂತ್ರವಾದ್ಯಕ್ಕೂ ಧ್ವನಿಮುದ್ರಿಕೆಗೂ ಇರುವ ಅಂತರ ಇದೇ. ಮುದ್ರಿಕೆಯಲ್ಲಿ ಎಂದೋ ಎಲ್ಲೋ ಮೂಡಿದ ನಾದದ ನೆರಳು ಕೇಳಿಸುತ್ತದೆ. ಇಲ್ಲಿ ನಾದ ಹುಟ್ಟುವುದು ಈಗ, ಈ ಕೋಣೆಯಲ್ಲಿ.

ಇಂಥ ವಾದ್ಯದ ಒಳಗುಟ್ಟು ಬಹಳ ಸರಳವಾದದ್ದು. ತಾಮ್ರದ ತಂತಿಯ ಸುರುಳಿಯ ನಡುವೆ ಕಬ್ಬಿಣದ ಸರಳೊಂದಿರುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ ಸರಳು ಒಳಕ್ಕೆ ಸೆಳೆಯಲ್ಪಟ್ಟು ಬಡಿಕೋಲನ್ನು ತಳ್ಳುತ್ತದೆ. ವಿದ್ಯುತ್ತು ನಿಂತರೆ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ. ಇದಕ್ಕೆ ಸೊಲೆನಾಯ್ಡ್ ಎಂದು ಹೆಸರು. ಬಾಗಿಲಿನ ಕರೆಗಂಟೆಯೊಳಗೆ ಟಿಂಗೆಂದು ಬಡಿಯುವುದೂ ಇದೇ. ಯಾವ ಗಳಿಗೆಯಲ್ಲಿ, ಎಷ್ಟು ಬಿರುಸಾಗಿ ಬಡಿಯಬೇಕೆಂಬುದನ್ನು ಗಣಕಯಂತ್ರ ತಿಳಿಸುತ್ತದೆ. 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಕೇತಪದ್ಧತಿಯಲ್ಲಿ ಪೆಟ್ಟಿನ ಬಿರುಸಿಗೆ ಸೊನ್ನೆಯಿಂದ 127ರ ವರೆಗೆ ಅಂಕಿಗಳುಂಟು. ಮೃದಂಗ ವಿದ್ವಾಂಸರ ಬೆರಳು ಈ ಲೆಕ್ಕವನ್ನು ಕೇಳಿ ನಕ್ಕೀತು. ಆದರೂ ಕೆಲಸಕ್ಕೆ ಇಷ್ಟು ಸಾಕು.

ತಾನಾಗಿ ಬಡಿಯುವ ವಾದ್ಯವನ್ನು ಕಾಣಲು ಸಿಯಾಟಲ್ಲಿಗೇ ಹೋಗಬೇಕಾಗಿಲ್ಲ. ಕರ್ನಾಟಕದ ಎಷ್ಟೋ ಊರುಗಳ ದೇವಸ್ಥಾನಗಳಲ್ಲಿ, ನವರಂಗದ ಒಂದು ಮೂಲೆಯಲ್ಲಿ, ಕಬ್ಬಿಣದ ಚೌಕಟ್ಟಿಗೆ ನಗಾರಿ, ಜಾಗಟೆ, ಗಂಟೆಗಳನ್ನು ಬಿಗಿದ ವಿದ್ಯುದ್ಯಂತ್ರವೊಂದಿದೆ. ಮಂಗಳಾರತಿಯ ಹೊತ್ತಿಗೆ ಯಾರಾದರೂ ಸ್ವಿಚ್ಚು ಒತ್ತುತ್ತಾರೆ. ಮೋಟಾರು ತಿರುಗುತ್ತದೆ, ಕೋಲುಗಳು ಎದ್ದು ಬೀಳುತ್ತವೆ, ಗುಡಿಯೆಲ್ಲ ಮೊಳಗುತ್ತದೆ. ಅರ್ಚಕರು ಆರತಿಯನ್ನು ಕ್ಷಣಕಾಲ ದೇವರ ಮುಖದ ಬಳಿ ನಿಲ್ಲಿಸಿದರೆ ಹಿಂದಿನ ನಗಾರಿಯವನ ಕೈಯೂ ಅಲ್ಲಿ ತುಸು ಸಣ್ಣದಾಗುತ್ತಿತ್ತು. ಆರತಿ ಮೇಲೆದ್ದೊಡನೆ ಪೆಟ್ಟೂ ಏರುತ್ತಿತ್ತು. ಯಂತ್ರಕ್ಕೆ ಅದೊಂದೂ ತಿಳಿಯದು. ಆರತಿ ಮುಗಿದು ಅರ್ಚಕರು ತೀರ್ಥದ ಬಟ್ಟಲು ಹಿಡಿದು ಹೊರಬಂದರೂ, ಸ್ವಿಚ್ಚಿನ ನೆನಪು ಯಾರಿಗಾದರೂ ಬರುವ ತನಕ ಅದು ಬಡಿಯುತ್ತಲೇ ಇರುತ್ತದೆ. ಬಡಿಯುವ ತೋಳಿದೆ, ಕೇಳುವ ಕಿವಿಯಿಲ್ಲ. ಎರಡು ಶತಮಾನಗಳ ಹಿಂದಿನ ಹುಲಿಯ ಸ್ಥಿತಿಯೇ ಇದರದೂ. ಹಿಡಿಕೆಯ ಬದಲು ಸ್ವಿಚ್ಚು ಬಂದಿದೆ, ಅಷ್ಟೇ.

ಕಿವಿಯ ಕಡೆಗೆ ಇಟ್ಟ ದೊಡ್ಡ ಹೆಜ್ಜೆ ಜಪಾನಿನದು. ಟೋಕಿಯೋದ ವಸೇಡ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾತೊ ಅವರ ತಂಡ 1984ರಲ್ಲಿ ಪೂರೈಸಿದ ವಾಬಾಟ್-2 ಎಂಬ ಯಂತ್ರಮಾನವ ಎರಡು ಕೈ ಎರಡು ಕಾಲುಗಳಿಂದ ಆರ್ಗನ್ನು ನುಡಿಸುತ್ತಿತ್ತು. ಎದುರಿಗಿಟ್ಟ ಸ್ವರಲಿಪಿಯನ್ನು ಕ್ಯಾಮರದ ಕಣ್ಣಿನಿಂದ ಓದುತ್ತಿತ್ತು. ಅದಕ್ಕಿಂತ ಮಿಗಿಲಾದ ಸಂಗತಿಯೆಂದರೆ, ಮನುಷ್ಯನು ಹಾಡುತ್ತಿದ್ದರೆ ಅವನ ದನಿಯನ್ನು ಕೇಳಿ, ಅದಕ್ಕೆ ಹೊಂದಿಕೊಂಡು ಪಕ್ಕವಾದ್ಯ ನುಡಿಸಬಲ್ಲುದಾಗಿತ್ತು. 1985ರ ತ್ಸುಕುಬ ಮಹಾಪ್ರದರ್ಶನದಲ್ಲಿ ಈ ಬಗೆಯ ಯಂತ್ರವಾದಕನನ್ನು ಕಾಣಲು ಜನ ಕಿಕ್ಕಿರಿದರು.

ಅಮೆರಿಕದ ಅಟ್ಲಾಂಟಾ ನಗರದ ಜಾರ್ಜಿಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಗಿಲ್ ವೈನ್‌ಬರ್ಗ್ ಎಂಬ ಸಂಗೀತಜ್ಞರು 2005–06ರ ಸುಮಾರಿಗೆ ರೂಪಿಸಿದ ಹೈಲಿ ಎಂಬ ಮರದ ಮೈಯ ಚರ್ಮವಾದ್ಯಗಾರ ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಅದರ ಎದುರು ಕುಳಿತು ಒಬ್ಬನು ಚರ್ಮವಾದ್ಯವನ್ನು ಬಾರಿಸುತ್ತಾನೆ. ಮೈಕು ಅದನ್ನು ಗಣಕಯಂತ್ರಕ್ಕೆ ಮುಟ್ಟಿಸುತ್ತದೆ. ಪೆಟ್ಟು ಬಿದ್ದ ಗಳಿಗೆ ಯಾವುದು, ಬಿರುಸೆಷ್ಟು, ನಡುವಣ ಅಂತರವೆಷ್ಟು, ಇವುಗಳಿಂದ ಹೊರಡುವ ಲಯ ಯಾವುದು ಎಂದು ಅದು ಎಣಿಸುತ್ತದೆ. ಮೊದಲು ಕೇಳಿದ್ದನ್ನು ಹಾಗೆಯೇ ಬಾರಿಸಿ ತೋರಿಸಬಹುದು. ಬಳಿಕ ಅದನ್ನೇ ತುಸು ತಿರುಚಿ ಹಿಂದಿರುಗಿಸಬಹುದು. ಇಲ್ಲವೆ ಎದುರಿನವನಿಗೆ ತಾಳ ಹಿಡಿದು ತಾನು ಹಿಂದೆ ಸರಿಯಬಹುದು. ಕಚೇರಿಯಲ್ಲಿ ತನಿ ಆವರ್ತನವನ್ನು ಕೇಳಿದ ಯಾರಿಗೂ ಇದು ಹೊಸದೆನಿಸದು. ಮೃದಂಗದವರು ಬಿಟ್ಟುಕೊಟ್ಟ ಸೊಲ್ಲನ್ನು ಘಟದವರು ಎತ್ತಿಕೊಂಡು, ಅದರ ಮೇಲೊಂದು ಮಿಂಚು ಸೇರಿಸಿ ಹಿಂದಿರುಗಿಸುವುದೂ, ಸಭೆ ತಲೆದೂಗುವುದೂ ದಿನವೂ ನಡೆಯುವುದೇ. ಹೊಸದೇನೆಂದರೆ, ಸೊಲ್ಲನ್ನು ಎತ್ತಿಕೊಳ್ಳುತ್ತಿರುವುದು ಮರ, ತಂತಿ, ಅಂಕಿಗಳ ಕೂಟ.

ಭಾರತೀಯ ವಾದ್ಯಗಳಿಗೂ ಈ ಕಿವಿ ದೊರೆತಿದೆ. ಕೆನಡಾದ ವಿಕ್ಟೋರಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಭಾರತೀಯ ಮೂಲದ ಅಜಯ್ ಕಪೂರ್ ಅವರು 2000ದ ದಶಕದ ಮಧ್ಯಭಾಗದಲ್ಲಿ ಹನ್ನೆರಡು ತೋಳಿನ ತಾಳವಾದ್ಯಗಾರನೊಂದನ್ನು ಕಟ್ಟಿ ಅದಕ್ಕೆ ಮಹಾದೇವಿಬಾಟ್ ಎಂದು ಹೆಸರಿಟ್ಟರು. ದಮ್ಮಡಿಯಂಥ ಚರ್ಮವಾದ್ಯ, ತಾಳ, ಗಂಟೆ, ಗೆಜ್ಜೆಗಳನ್ನು ಅದರ ತೋಳುಗಳು ನುಡಿಸುತ್ತವೆ. ಕಪೂರರು ಸಿತಾರಿನ ಮೆಟ್ಟಿಲುಗಳಿಗೂ ತಮ್ಮ ಹೆಬ್ಬೆರಳಿಗೂ ಸೂಕ್ಷ್ಮವಾದ ಸ್ಪರ್ಶಗ್ರಾಹಕಗಳನ್ನು ಅಳವಡಿಸಿಕೊಂಡು, ತಮ್ಮ ಕೈ ಎಲ್ಲಿದೆ, ಮೀಟು ಎಷ್ಟು ಬಲವಾಗಿದೆ ಎಂಬುದನ್ನು ಯಂತ್ರಕ್ಕೆ ತಿಳಿಸುವ ಏರ್ಪಾಡು ಮಾಡಿದರು. ಯಂತ್ರಕ್ಕೆ ಒಂದು ತಲೆಯೂ ಉಂಟು. ಅದು ಲಯಕ್ಕೆ ಸರಿಯಾಗಿ ಆಡುತ್ತದೆ. ಇದು ಬರಿಯ ಅಲಂಕಾರವೆಂದು ಭಾವಿಸಬಾರದು. ವೈನ್‌ಬರ್ಗರು ಮುಂದೆ ನಿರ್ಮಿಸಿದ, ನಾಲ್ಕು ತೋಳು ಎಂಟು ಕೋಲುಗಳಿಂದ ಮರಿಂಬ ಬಾರಿಸುವ ಶಿಮೋನ್ ಎಂಬ ಯಂತ್ರಕ್ಕೂ ಇಂಥ ತಲೆಯಾಡಿಸುವ ಚಟವಿದೆ. ಜೊತೆಯಲ್ಲಿ ನುಡಿಸುವವನಿಗೆ ಮುಂದಿನ ಪೆಟ್ಟು ಎಲ್ಲಿ ಬೀಳಲಿದೆಯೆಂಬುದು ಕಿವಿಗಿಂತ ಮೊದಲು ಕಣ್ಣಿಗೆ ತಿಳಿಯಬೇಕು. ಹಾಡುವವರ ಕೈತಾಳವನ್ನು ನೋಡದೆ ಮೃದಂಗ ನುಡಿಸಿರೆಂದರೆ ಯಾವ ವಿದ್ವಾಂಸರು ಒಪ್ಪಿಯಾರು?

ವಿದ್ವಾಂಸರೊಡನೆ ಯಂತ್ರ ಕೂಡಿ ನುಡಿಸಿದ್ದಾಯಿತು. ಆದರೆ ಪ್ರದರ್ಶನಶಾಲೆಯ ಬಾಗಿಲು ತೆರೆದಾಗ ಒಳಬರುವವರು ವಿದ್ವಾಂಸರಲ್ಲ. ಶಾಲೆಯ ಮಕ್ಕಳು, ಮಳೆಗೆ ನಿಂತವರು, ಹೆಂಡತಿಯ ಬಲವಂತಕ್ಕೆ ಬಂದ ಗಂಡಂದಿರು, ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದವರು. ಶಿಲ್ಪಿಯ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ವಾದ್ಯದ ಮುಂದೆ ಒಬ್ಬ ಹುಡುಗ ಕೈಯಾಡಿಸುತ್ತಾನೆ. ಡೋಲು ಒಮ್ಮೆ ಢಮ್ಮೆನ್ನುತ್ತದೆ. ಮತ್ತೆ ಆಡಿಸುತ್ತಾನೆ, ಮತ್ತೆ ಢಮ್ಮೆನ್ನುತ್ತದೆ. ಮೂರನೆಯ ಸಲಕ್ಕೆ ಅವನಿಗೆ ಬೇಸರ. ಅದು ಕರೆಗಂಟೆಯಾಯಿತೇ ಹೊರತು ಸಂಗೀತವಾಗಲಿಲ್ಲ. ಬೇಡವೆಂದು ಯಂತ್ರವನ್ನು ಜಾಣನನ್ನಾಗಿ ಮಾಡಿದರೆ ಬೇರೊಂದು ಪೇಚು. ಹುಡುಗ ಕೈಯಾಡಿಸಿದೊಡನೆ ಮೂವತ್ತು ಕೋಲುಗಳು ಎದ್ದು ಎರಡು ನಿಮಿಷ ಅಮೋಘವಾಗಿ ಬಾರಿಸುತ್ತವೆ. ಹುಡುಗ ಬೆರಗಾಗಿ ನಿಲ್ಲುತ್ತಾನೆ, ಚಪ್ಪಾಳೆ ತಟ್ಟುತ್ತಾನೆ. ಆದರೆ ಅದರಲ್ಲಿ ತನ್ನದು ಯಾವುದೆಂದು ಅವನಿಗೆ ತಿಳಿಯದು. ತಾನು ಕೈಯಾಡಿಸದಿದ್ದರೂ ಅದು ಹಾಗೆಯೇ ಬಾರಿಸುತ್ತಿತ್ತೇನೋ ಎಂಬ ಸಂಶಯ ಹುಟ್ಟಿದ ಕ್ಷಣವೇ ಅವನು ಪಾಲುಗಾರನಲ್ಲ, ಬರಿಯ ಪ್ರೇಕ್ಷಕ. ಕೊಟ್ಟ ಸೊಲ್ಲು ಗುರುತು ಸಿಗುವಷ್ಟು ತನ್ನದಾಗಿಯೇ ಇರಬೇಕು, ಮತ್ತೆ ಕೊಡಬೇಕೆನಿಸುವಷ್ಟು ಬೇರೆಯಾಗಿಯೂ ಹಿಂದಿರುಗಬೇಕು. ಈ ಹದವನ್ನು ಯಾವ ಗಣಿತಸೂತ್ರವೂ ಹೇಳಿಕೊಡಲಾರದು. ಮಗುವಿಗೆ ತೊದಲು ಕಲಿಸುವ ತಾಯಿಗೆ ಅದು ತಾನಾಗಿ ಬರುತ್ತದೆ.

ಕಾಲದ ತೊಡಕು ಇನ್ನೊಂದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಹತ್ತು ಮೀಟರು ದೂರದ ಪೆಟ್ಟು ಕಿವಿಗೆ ಬರುವಾಗ ಸೆಕೆಂಡಿನ ಮೂವತ್ತನಾಲ್ಕನೆಯ ಒಂದು ಪಾಲು ತಡವಾಗಿರುತ್ತದೆ. ಯಂತ್ರದಲ್ಲಿ ಇದರ ಮೇಲೆ ಬೇರೆ ತಡಗಳೂ ಬಂದು ಕೂಡುತ್ತವೆ: ಗಣಕಯಂತ್ರ ಯೋಚಿಸುವ ತಡ, ಕೋಲು ಚರ್ಮಕ್ಕೆ ಇಳಿಯುವ ತಡ. ಬಿರುಸಾದ ಪೆಟ್ಟಿನ ಕೋಲು ಬೇಗ ಇಳಿಯುತ್ತದೆ, ಮೆದುವಾದ ಪೆಟ್ಟಿನದು ನಿಧಾನ. ಒಂದೇ ಗಳಿಗೆಯಲ್ಲಿ ಆಜ್ಞೆ ಕೊಟ್ಟರೆ ಎರಡೂ ಒಟ್ಟಿಗೆ ಬೀಳುವುದಿಲ್ಲ. ಆದ್ದರಿಂದ ಮೆಲುದನಿಯ ಪೆಟ್ಟಿಗೆ ಮುಂಚಿತವಾಗಿ ಆಜ್ಞೆ ಕೊಡಬೇಕು. ಆದರೆ ಎದುರಿನವನು ಮುಂದೇನು ಮಾಡುವನೆಂಬುದು ತಿಳಿಯದೆ ಮುಂಚಿತವಾಗಿ ಆಜ್ಞೆ ಕೊಡುವುದು ಹೇಗೆ? ಯಂತ್ರ ಊಹಿಸಬೇಕು. ಊಹೆ ತಪ್ಪಿದರೆ ತಾಳ ತಪ್ಪಿತು.

ಕೈಗಳ ಸವೆತವಂತೂ ಲೋಹವನ್ನೂ ಬಿಡದು, ಕಲ್ಲನ್ನೂ ಬಿಡದು. ಹಂಪೆಯ ವಿಜಯವಿಠಲ ದೇವಾಲಯದಲ್ಲಿ ತಟ್ಟಿದರೆ ನಾದಗೊಡುವ ಕಲ್ಲಿನ ಕಂಬಗಳಿವೆ. ಹೋದವರೆಲ್ಲ ತಟ್ಟಿ ನೋಡಿದರು. ಮಾರ್ಗದರ್ಶಿಗಳು ತಟ್ಟಿ ತೋರಿಸಿದರು. ಈಗ ಅವನ್ನು ತಟ್ಟುವುದಕ್ಕೆ ನಿಷೇಧವಿದೆ. ನುಡಿಯುವುದಕ್ಕಾಗಿಯೇ ಪ್ರಸಿದ್ಧವಾದ ಕಂಬಗಳು, ನುಡಿಸಿದವರ ದೆಸೆಯಿಂದಲೇ ಮೌನವಾಗಿ ನಿಂತಿವೆ. ಯಂತ್ರವಾದ್ಯಕ್ಕೆ ಇಲ್ಲೊಂದು ಅನುಕೂಲವುಂಟು. ಕಿವಿಯುಳ್ಳ ಯಂತ್ರವನ್ನು ಮುಟ್ಟಬೇಕಾಗಿಲ್ಲ. ಚಪ್ಪಾಳೆ ಸಾಕು, ಹಾಡು ಸಾಕು, ನೆರಳು ಬಿದ್ದರೂ ಸಾಕು. ವಾದ್ಯ ಬೇಲಿಯಾಚೆ ಇರಬಹುದು, ಜನ ಈಚೆ ನಿಂತು ಅದನ್ನು ನುಡಿಸಬಹುದು. ಆದರೂ ಮನುಷ್ಯನ ಬೆರಳಿಗೆ ಮುಟ್ಟುವ ಹಂಬಲ ಹೋಗದು. ಸುರಕ್ಷಿತವಾದ ವಾದ್ಯ ಜನರಿಗೆ ದೂರವೆನಿಸುತ್ತದೆ, ಹತ್ತಿರವಾದ ವಾದ್ಯ ಬೇಗ ಮುರಿಯುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ಸಡಿಲವಾದ ತಿರುಪುಗಳನ್ನು ಬಿಗಿಮಾಡುವವನೊಬ್ಬನಿಲ್ಲದಿದ್ದರೆ ಎಂಥ ಅದ್ಭುತ ವಾದ್ಯವೂ ತಿಂಗಳೊಪ್ಪತ್ತಿನಲ್ಲಿ ‘ದುರಸ್ತಿಯಲ್ಲಿದೆ’ ಎಂಬ ಫಲಕವನ್ನು ಕೊರಳಿಗೆ ಕಟ್ಟಿಕೊಳ್ಳುತ್ತದೆ.

ಇಷ್ಟೆಲ್ಲದರ ನಡುವೆ ಸಂಗೀತಗಾರನ ಗತಿಯೇನು? ರೋಬಾಟ್ ಎಂಬ ಶಬ್ದ ಹುಟ್ಟಿದ್ದು ಚೆಕ್ ಭಾಷೆಯಲ್ಲಿ, ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ. ಅದರ ಮೂಲದಲ್ಲಿರುವ ಅರ್ಥ ಬಿಟ್ಟಿ ಚಾಕರಿ. ಬಿಟ್ಟಿ ಚಾಕರಿಗೆ ಆಳು ಸಿಕ್ಕಿದಮೇಲೆ ಸಂಬಳದ ಆಳಿಗೆ ಕರೆ ಬರುವುದು ವಿರಳ. 1920ರ ದಶಕದ ಕೊನೆಯಲ್ಲಿ ವಾಕ್ಚಿತ್ರಗಳು ಬಂದಾಗ ಅಮೆರಿಕದ ಚಿತ್ರಮಂದಿರಗಳಲ್ಲಿ ಪರದೆಯ ಬಳಿ ಕುಳಿತು ನುಡಿಸುತ್ತಿದ್ದ ಸಾವಿರಾರು ವಾದ್ಯಗಾರರು ಕೆಲಸ ಕಳೆದುಕೊಂಡರು. 1930ರಲ್ಲಿ ಅಲ್ಲಿನ ಸಂಗೀತಗಾರರ ಒಕ್ಕೂಟ ಪತ್ರಿಕೆಗಳಲ್ಲಿ ಜಾಹೀರಾತುಗಳ ಸರಣಿಯನ್ನೇ ಹಾಕಿಸಿತು. ಅವುಗಳಲ್ಲಿ ತಗಡಿನ ಯಂತ್ರಮಾನವನು ವಾದ್ಯ ಹಿಡಿದು ವಿಕಾರವಾಗಿ ನಿಂತಿದ್ದನು. ನಿಜವಾಗಿ ಕೆಲಸ ಕಸಿದದ್ದು ಯಂತ್ರಮಾನವನಲ್ಲ, ಮುದ್ರಿತ ಧ್ವನಿ. ಆದರೆ ಮುದ್ರಿತ ಧ್ವನಿಗೆ ಮುಖವಿಲ್ಲವಷ್ಟೆ. ಬೈಯಲು ಒಂದು ಮುಖ ಬೇಕಾಗಿತ್ತು.

ದೇವಸ್ಥಾನದ ನಗಾರಿಯವನ ಪರವಾಗಿ ಅಂಥ ಜಾಹೀರಾತನ್ನು ಯಾರೂ ಹಾಕಿಸಲಿಲ್ಲ. ಎಷ್ಟೋ ಕಡೆ ಆತನಿಗೆ ಸಂದದ್ದು ಒಂದು ಪಾಲು ಪ್ರಸಾದ, ಸುಗ್ಗಿಯಲ್ಲಿ ಒಂದಿಷ್ಟು ಕಾಳು. ಅವನ ಮಗ ಪಟ್ಟಣಕ್ಕೆ ಹೋದನು, ಸಂಜೆಯ ಪೂಜೆಗೆ ಜನ ಸಾಲದಾಯಿತು, ಆಗ ಯಂತ್ರ ಬಂದಿತು. ಬಂದ ಯಂತ್ರವೇ ಅವನನ್ನು ಹೊರಗಟ್ಟಿತೆಂದು ಎಲ್ಲ ಕಡೆಯೂ ಹೇಳಲಾಗದು. ಕೆಲವೆಡೆ ಅವನು ಬಿಟ್ಟುಹೋದ ಜಾಗದಲ್ಲಿ ಅದು ನಿಂತಿದೆ. ಆದರೆ ಅವನ ಕೈಗೆ ಆರತಿಯ ನಡೆಯನ್ನು ಕಲಿಸಿದ ಕಿವಿ ಅವನ ಜೊತೆಗೇ ಹೋಯಿತು. ಅದನ್ನು ಹುಡುಕಿ ಯಂತ್ರಕ್ಕೆ ಮತ್ತೆ ಕೂಡಿಸುವ ಯೋಚನೆಯನ್ನು ಯಾವ ಧರ್ಮದರ್ಶಿಗಳೂ ಮಾಡಿದಂತಿಲ್ಲ.

ಯಂತ್ರ ಕಸಿದುಕೊಂಡದ್ದೇ ಅಲ್ಲ, ಕೊಟ್ಟದ್ದೂ ಉಂಟು. ಅಟ್ಲಾಂಟಾ ನಗರದ ಜೇಸನ್ ಬಾರ್ನ್ಸ್ ಎಂಬ ತರುಣ ಡ್ರಮ್ಮು ಬಾರಿಸುವವನು. 2012ರಲ್ಲಿ ವಿದ್ಯುದಾಘಾತದಿಂದ ಅವನು ಬಲಗೈಯನ್ನು ಮೊಣಕೈಯ ಕೆಳಗಿನಿಂದ ಕಳೆದುಕೊಂಡನು. ವೈನ್‌ಬರ್ಗರ ತಂಡ 2014ರಲ್ಲಿ ಅವನಿಗೊಂದು ಯಂತ್ರದ ತೋಳನ್ನು ತೊಡಿಸಿತು. ಆ ತೋಳಿನಲ್ಲಿ ಎರಡು ಕೋಲುಗಳು. ಒಂದು, ಅವನ ಮೇಲ್ಗೈಯ ಮಾಂಸಖಂಡಗಳಲ್ಲಿ ಹರಿಯುವ ಸೂಕ್ಷ್ಮವಾದ ವಿದ್ಯುತ್ತನ್ನು ಅರಿತು, ಅವನು ಬಯಸಿದಂತೆ ಬಾರಿಸುತ್ತದೆ. ಇನ್ನೊಂದು ಅವನ ಮಾತು ಕೇಳುವುದಿಲ್ಲ. ಸುತ್ತ ನಡೆಯುತ್ತಿರುವ ಸಂಗೀತವನ್ನು ಕೇಳಿ, ತನಗೆ ಸರಿತೋರಿದ ಪೆಟ್ಟನ್ನು ನಡುನಡುವೆ ತಾನೇ ಸೇರಿಸುತ್ತದೆ. ಎರಡು ಕೈಯುಳ್ಳ ಯಾವ ವಾದಕನೂ ಬಾರಿಸಲಾರದ ವೇಗ ಹೀಗೆ ಅವನದಾಯಿತು. ತನ್ನ ತೋಳಿನಲ್ಲಿಯೇ ಕುಳಿತು ತನ್ನೊಡನೆ ಜುಗಲ್‌ಬಂದಿ ನಡೆಸುವ ಆ ಎರಡನೆಯ ಕೋಲು ಸಾಕೆನಿಸಿದಾಗ, ಬಾರ್ನ್ಸ್ ಅದನ್ನು ಚರ್ಮಕ್ಕೆ ತಾಗದಂತೆ ತುಸು ಹಿಂದಕ್ಕೆ ಎಳೆದುಕೊಂಡು, ಉಳಿದದ್ದನ್ನು ತಾನೊಬ್ಬನೇ ಬಾರಿಸುತ್ತಾನೆ.